ಒಂದೇ ಕಲ್ಲಿನ ಮುಂದೆ ಅರ್ಧ ಗಂಟೆ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಶಾಲಾ ದಿನಗಳಲ್ಲಿ ಸಾಲಾಗಿ ಹೋಗಿ ಸಾಲಾಗಿಯೇ ಹೊರಬಂದಿದ್ದೆ; ಕೆಂಪು ಕಟ್ಟಡವೊಂದನ್ನು ಬಿಟ್ಟರೆ ಬೇರೇನೂ ಮನಸ್ಸಿನಲ್ಲಿ ಉಳಿದಿರಲಿಲ್ಲ. 1865ರಲ್ಲಿ ಆರಂಭವಾದ ಆ ಸಂಗ್ರಹಾಲಯವನ್ನು ನಾನು ನಿಜವಾಗಿ ನೋಡಿದ್ದು, ಆತಕೂರಿನ ಶಾಸನವೊಂದನ್ನೇ ಹುಡುಕಿಕೊಂಡು ಮಗಳೊಂದಿಗೆ ಹೋದ ದಿನ.

ಮಂಡ್ಯ ಜಿಲ್ಲೆಯಿಂದ ಬಂದ, ಕ್ರಿ.ಶ. 949–50ರ ಈ ವೀರಗಲ್ಲಿನಲ್ಲಿ ನಾಯಿಯೂ ಹಂದಿಯೂ ಮುಖಾಮುಖಿಯಾಗಿ ಕಾದಾಡುತ್ತಿವೆ. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರನೆಂಬ ವೀರನಿಗೆ ಗಂಗ ದೊರೆ ಬೂತುಗನು ಬೇಕಾದುದನ್ನು ಕೇಳು ಎಂದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಎರಡೂ ಸತ್ತಾಗ, ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ದಾನವಾಗಿ ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು, ಅಂದರೆ ಶೈವ ಅರ್ಚಕನು, ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದೂ ಬರೆಸಿದರು.

ಈ ಕಥೆಯನ್ನು ಹಿಂದಿನ ರಾತ್ರಿಯೇ ಹೇಳಿದ್ದರಿಂದ ಮಗಳು ಕಲ್ಲಿನ ಮುಂದೆ ನೆಲದ ಮೇಲೆ ಕುಳಿತುಬಿಟ್ಟಳು. ಎಲ್ಲ ಕೋಣೆಗಳನ್ನೂ ಮುಗಿಸಲೇಬೇಕೆಂಬ ಅವಸರವೇ ನಮ್ಮ ಭೇಟಿಗಳನ್ನು ಕೆಡಿಸುತ್ತದೆ ಎಂದು ನನಗೆ ಆಗ ಬಲವಾಗಿ ಅನ್ನಿಸಿತು. ಹಳಗನ್ನಡದ ಅಕ್ಷರಗಳನ್ನು ನೋಡಿ ನೋಡಿ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ ಅವಳು, ಸ್ವಲ್ಪ ಹೊತ್ತಿನ ಬಳಿಕ ತಲೆಯೆತ್ತಿ, "ಅಪ್ಪಾ, ಇದರಲ್ಲಿ ಕಾಳಿ ಅಂತ ಎಲ್ಲಿ ಬರೆದಿದೆ?" ಎಂದು ಕೇಳಿದಳು. ಇಬ್ಬರೂ ಸಾಲು ಸಾಲಾಗಿ ಹುಡುಕತೊಡಗಿದೆವು.