ಗೋಡೌನಿನ ನೆತ್ತಿ

ಮಾಡೆಲ್ ರೈಲಿಗೆ ಅಂತ ನನ್ನ ಮೊದಲ ಪುಟ್ಟ ಗೋಡೌನ್ ಮಾಡಿ ಮುಗಿಸಿ ಮಗಳಿಗೆ ತೋರಿಸಿದೆ. ಅವಳು ಮೇಲಿನಿಂದ ಬಗ್ಗಿ ನೋಡಿ, "ಅಪ್ಪಾ, ಇದರ ತಲೆ ಮೇಲೆ ಏನೂ ಇಲ್ವಲ್ಲ?" ಅಂದಳು. ಇಟ್ಟಿಗೆ ಸಾಲು, ಕಿಟಕಿ ಸರಳು, ಬಾಗಿಲಿನ ತುಕ್ಕು ಅಂತ ಮೂರು ವಾರ ಕೂತಿದ್ದೆ. ಚಾವಣಿ ಮಾತ್ರ ಬೂದು ಬಣ್ಣ ಬಳಿದ ಒಂದು ರಟ್ಟು.

ಅವಳು ಹೇಳಿದ್ದು ಸರಿ. ಮಾಡೆಲ್ ರೈಲಿನ ಲೇಔಟನ್ನು (ಸೈಟು ಮಾರುವ ಲೇಔಟ್ ಅಲ್ಲ, ಮೇಜಿನ ಮೇಲಿನದು) ನಾವು ನೋಡುವುದೇ ಮೇಲಿನಿಂದ. ಎಚ್‌ಒ ಸ್ಕೇಲಿನಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲು. ಮೇಜಿನಿಂದ ಅರ್ಧ ಮೀಟರ್ ಮೇಲೆ ಕಣ್ಣಿಟ್ಟರೆ, ಆ ಪುಟ್ಟ ಊರಿನ ಲೆಕ್ಕದಲ್ಲಿ ನೀವು ಸುಮಾರು 43 ಮೀಟರ್ ಎತ್ತರದಲ್ಲಿದ್ದೀರಿ. ಅಲ್ಲಿಂದ ಮೊದಲು ಕಾಣುವುದು ಚಾವಣಿ. ಆದರೆ ಫೋಟೋ ತೆಗೆಯುವವರೆಲ್ಲ ನೆಲದ ಮೇಲೆ ನಿಂತು ತೆಗೆಯುತ್ತಾರೆ, ಅಲ್ವಾ? ಮುಂದಿನ ಗೋಡೆಯ ಹತ್ತು ಫೋಟೋ ಸಿಗುತ್ತವೆ, ಚಾವಣಿಯದ್ದು ಒಂದೂ ಇಲ್ಲ.

ಹಾಗಾಗಿ ಎರಡನೇ ಗೋಡೌನಿಗೆ ಮೊದಲು ಗೂಗಲ್ ಅರ್ಥ್ ತೆರೆದು ಕೂತೆ. ಸೈಡಿಂಗ್ (ಮುಖ್ಯ ಹಳಿಯಿಂದ ಕವಲೊಡೆದ ಹಳಿ) ಪಕ್ಕದ ಒಂದು ಉದ್ದನೆಯ ಇಟ್ಟಿಗೆ ಕಟ್ಟಡ. ನೆಲದ ಫೋಟೋ ನೋಡಿ ಅದು ನೆಟ್ಟಗಿನ ಆಯತ ಅಂದುಕೊಂಡಿದ್ದೆ. ಮೇಲಿನಿಂದ ನೋಡಿದರೆ ಒಂದು ತುದಿ ಓರೆ! ಹಳಿ ಅಲ್ಲಿ ತಿರುಗುತ್ತದೆ, ಕಟ್ಟಿದವರು ಅದಕ್ಕೆ ತಕ್ಕ ಹಾಗೆ ಮೂಲೆ ಕತ್ತರಿಸಿದ್ದಾರೆ. ಚಾವಣಿಯೂ ಒಂದಲ್ಲ, ಎರಡು. ನಡುವೆ ಒಂದು ಗೆರೆ, ಆಚೆ ಬಣ್ಣ ಬೇರೆ. ನಾಲ್ಕು ಗಾಜಿನ ಬೆಳಕಿಂಡಿ, ಅದರಲ್ಲಿ ಒಂದಕ್ಕೆ ತಗಡು ಹೊದಿಸಿದ್ದಾರೆ. ಟಾರಿನ ತೇಪೆಗಳು, ಒಂದರ ಮೇಲೊಂದು. ನೀರು ಹೋಗುವ ತೂತಿನ ಹತ್ತಿರ ನೀರು ನಿಂತು ನಿಂತು ಆದ ಕಪ್ಪು ಉಂಗುರ. ಆ ಉಂಗುರವನ್ನೇ ಹದಿನೈದು ನಿಮಿಷ ನೋಡಿರಬೇಕು.

ಅಳತೆಯಲ್ಲಿ ಮಾತ್ರ ಚೆನ್ನಾಗಿ ಎಡವಿದೆ. ಫೋಟೋ ತೀರಾ ನೇರ ಮೇಲಿನಿಂದ ತೆಗೆದದ್ದಾಗಿರುವುದಿಲ್ಲ. ಎತ್ತರದ ಕಟ್ಟಡ ಒಂದು ಕಡೆ ವಾಲಿದ ಹಾಗೆ ಕಾಣುತ್ತದೆ, ಅದರ ಎದುರು ಬದಿಯ ಗೋಡೆಯೂ ಸ್ವಲ್ಪ ಇಣುಕುತ್ತದೆ. ನಾನು ಒಂದು ಬದಿಯಲ್ಲಿ ಚಾವಣಿಯ ಅಂಚು, ಇನ್ನೊಂದು ಬದಿಯಲ್ಲಿ ಗೋಡೆಯ ಬುಡ ಹಿಡಿದು ಅಳೆದೆ. 22 ಮೀಟರಿನ ಅಗಲ 24.5 ಆಯಿತು. ಪ್ಲಾಸ್ಟಿಕ್ ಶೀಟು ಕತ್ತರಿಸಿದ ಮೇಲೆ ಗೊತ್ತಾಯಿತು. ಅಳೆದರೆ ಚಾವಣಿಯಿಂದ ಚಾವಣಿಗೆ, ಇಲ್ಲವೇ ಬುಡದಿಂದ ಬುಡಕ್ಕೆ. ಎರಡನ್ನೂ ಕಲಸಬೇಡಿ.

ಗೂಗಲ್ ಅರ್ಥ್‌ನ ಅಳತೆಯ ಸಾಧನವನ್ನೇ ಒಮ್ಮೆ ಪರೀಕ್ಷೆ ಮಾಡುವುದಕ್ಕೆ ಅಂಗಳದಲ್ಲಿ ನಿಂತ ಕಂಟೇನರ್‌ನಷ್ಟು ಒಳ್ಳೆಯದು ಬೇರೆ ಇಲ್ಲ. 40 ಅಡಿಯದ್ದು ಎಲ್ಲಿದ್ದರೂ 12.19 ಮೀಟರ್. ನನಗೆ 12.3 ಬಂತು. ಸಾಕು. ಸ್ಟ್ಯಾಂಡರ್ಡ್ ಗೇಜ್ ಹಳಿಗಳ ನಡುವಿನ 1,435 ಮಿಲಿಮೀಟರ್ ಇನ್ನೂ ಖಚಿತ ಅಳತೆ, ಆದರೆ ಮಸುಕು ಚಿತ್ರದಲ್ಲಿ ಅಷ್ಟು ಸಣ್ಣದನ್ನು ಹಿಡಿಯುವುದು ಕಷ್ಟ.

ಎತ್ತರಕ್ಕೂ ಅದೇ ಕಂಟೇನರ್ ಬಂತು. ಒಂದೇ ಚಿತ್ರ, ಒಂದೇ ಬಿಸಿಲು, ನೆಲ ಸಮ. ಹಾಗಿದ್ದರೆ ನೆರಳು ಎತ್ತರಕ್ಕೆ ತಕ್ಕಷ್ಟೇ ಇರುತ್ತದೆ. ಕಂಟೇನರಿನ ನೆರಳು 2 ಮೀಟರ್, ಗೋಡೌನಿನದು 7. ಸಾಮಾನ್ಯ ಕಂಟೇನರಿನ ಎತ್ತರ 2.59 ಮೀಟರ್, ಅಂದರೆ ಕಟ್ಟಡ ಸುಮಾರು 9 ಮೀಟರ್. ಖುಷಿಯಾದೆ. ಆಮೇಲೆ ಸ್ಟ್ರೀಟ್ ವ್ಯೂನಲ್ಲಿ (ಗೂಗಲಿನ ರಸ್ತೆ ಮಟ್ಟದ ಫೋಟೋ) ನೋಡಿದರೆ ಕಂಟೇನರಿನ ಮೇಲಂಚಿನಲ್ಲಿ ಹಳದಿ ಕಪ್ಪು ಪಟ್ಟೆ. ಅದು ಹೈ ಕ್ಯೂಬ್, 2.9 ಮೀಟರ್ ಎತ್ತರದ್ದು. ಕಟ್ಟಡ ಒಂದು ಮೀಟರ್ ಬೆಳೆದು 10 ದಾಟಿತು. ಎಚ್‌ಒನಲ್ಲಿ ಅದು 12 ಮಿಲಿಮೀಟರ್, ಕಣ್ಣಿಗೆ ಹೊಡೆಯುವಷ್ಟು ವ್ಯತ್ಯಾಸ.

ನನಗೆ ಅತಿ ಇಷ್ಟವಾದದ್ದು ಹಳೆಯ ಚಿತ್ರಗಳು. ಗೂಗಲ್ ಅರ್ಥ್‌ನಲ್ಲಿ ವರ್ಷ ಹಿಂದೆ ಸರಿಸಬಹುದು. ಚಳಿಗಾಲದ ಒಂದು ಚಿತ್ರದಲ್ಲಿ ಮರದ ಎಲೆ ಉದುರಿ ಹಿಂದಿನ ಪ್ಲಾಟ್‌ಫಾರಂ ಕಂಡಿತು. ನನ್ನ ಲೇಔಟಿನ ಕಾಲ 1990ರ ದಶಕ, ಹಾಗಾಗಿ ಈಗಿರುವ ಸೋಲಾರ್ ಫಲಕ ಕಿತ್ತು ಹಾಕಿದೆ, ಹಳೆಯ ಕಪ್ಪು ಬಿಳುಪು ಚಿತ್ರದಲ್ಲಿದ್ದ ತಗಡಿನ ಮಾಡು ವಾಪಸ್ ಬಂತು. ಇನ್ನೊಂದು ಸಂಗತಿ. ಬೇರೆ ಬೇರೆ ವರ್ಷದ ಮೂರು ಚಿತ್ರದಲ್ಲೂ ವ್ಯಾಗನ್ ನಿಂತಿದ್ದು ಅದೇ ಎರಡು ಬಾಗಿಲ ಮುಂದೆ. ಉಳಿದ ಬಾಗಿಲ ಮುಂದೆ ಕಳೆ. ಹಾಗಾಗಿ ನನ್ನ ಮಾಡೆಲಿನಲ್ಲಿ ಆ ಎರಡು ಬಾಗಿಲ ಅಂಚು ಮಾತ್ರ ಸವೆದಿದೆ. ಯಾರೂ ಗಮನಿಸುವುದಿಲ್ಲ, ಗೊತ್ತು. ಆದರೂ.

ಕಟ್ಟಡ ಅಮೆರಿಕದ್ದಾದರೆ ಸ್ಯಾನ್‌ಬಾರ್ನ್ ಬೆಂಕಿ ವಿಮೆಯ ನಕ್ಷೆಗಳನ್ನೂ (ವಿಮೆಯವರಿಗಾಗಿ ಕಟ್ಟಡಗಳನ್ನು ಬಿಡಿಸಿದ ಹಳೆಯ ನಕ್ಷೆ) ನೋಡಿ. ಲೈಬ್ರರಿ ಆಫ್ ಕಾಂಗ್ರೆಸ್ ಬಹಳಷ್ಟನ್ನು ಆನ್‌ಲೈನ್ ಇಟ್ಟಿದೆ. ಅದರಲ್ಲಿ ಗುಲಾಬಿ ಬಣ್ಣ ಅಂದರೆ ಇಟ್ಟಿಗೆ ಕಟ್ಟಡ, ಹಳದಿ ಅಂದರೆ ಮರದ್ದು. ವಿಮಾನದ ಫೋಟೋ ಹೇಳದ್ದನ್ನು ಅದು ಹೇಳುತ್ತದೆ.

ಇಷ್ಟೆಲ್ಲ ಅಳೆದು ಕೊನೆಗೆ ಮಾಡಿದ್ದು ಮೋಸ. 60 ಮೀಟರಿನ ಕಟ್ಟಡಕ್ಕೆ 69 ಸೆಂಟಿಮೀಟರ್ ಬೇಕು, ನನ್ನ ಮೇಜಿನಲ್ಲಿ ಜಾಗ ಇಲ್ಲ. ಹನ್ನೆರಡು ಅಂಕಣ ಇದ್ದದ್ದನ್ನು ಏಳಕ್ಕೆ ಇಳಿಸಿದೆ. ಓರೆ ಮೂಲೆ, ತಗಡು ಹೊದ್ದ ಬೆಳಕಿಂಡಿ, ಎರಡು ಬಣ್ಣದ ಚಾವಣಿ ಮಾತ್ರ ಬಿಡಲಿಲ್ಲ. ಅವು ಇದ್ದರೆ ಅದೇ ಗೋಡೌನ್.

ನೀರು ನಿಂತ ಗುರುತಿಗೆ ತೆಳು ಕಪ್ಪು, ಅದರ ಮೇಲೆ ಒಂದು ಹನಿ ಹೊಳಪಿನ ವಾರ್ನಿಷ್. ಮಗಳು ಈ ಸಲವೂ ಮೇಲಿನಿಂದಲೇ ಬಗ್ಗಿದಳು. ಸುಮ್ನೆ ನೋಡಿ, ಒದ್ದೆ ಇದೆಯಾ ಅಂತ ಬೆರಳಿಟ್ಟಳು. ಒದ್ದೆಯೇ ಇತ್ತು. ವಾರ್ನಿಷ್ ಇನ್ನೂ ಒಣಗಿರಲಿಲ್ಲ.