90 ನಿಮಿಷದ ಜಾಬ್ ಕಾರ್ಡ್

ಮನೆಬಾಗಿಲಿಗೇ ಹೋಗಿ ಗಾಡಿ ರಿಪೇರಿ ಮಾಡಿಕೊಡುವ ವಿಭಾಗಕ್ಕೆ ನನ್ನನ್ನು ಹಾಕಿದ ಮೂರನೆಯ ವಾರದಲ್ಲಿ, ಮೈಸೂರಿನ ಕುವೆಂಪುನಗರದಲ್ಲಿರುವ ನಿವೃತ್ತ ಮೇಷ್ಟರೊಬ್ಬರ ಆಲ್ಟೊಗೆ ಮುಂದಿನ ಎರಡೂ ಸ್ಟ್ರಟ್ (ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರ್) ಮತ್ತು ಲೋವರ್ ಆರ್ಮ್ (ಗಾಲಿಯನ್ನು ಗಾಡಿಯ ಅಡಿಗೆ ಜೋಡಿಸುವ ತೋಳು) ಬದಲಿಸುವ ಕೆಲಸ ಬಂತು. ಜಾಬ್ ಕಾರ್ಡಿನಲ್ಲಿ, ಅಂದರೆ ಕಂಪನಿ ಕೊಡುವ ಕೆಲಸದ ಚೀಟಿಯಲ್ಲಿ, ಬರೆದಿದ್ದ ಸಮಯ 90 ನಿಮಿಷ. ಅದು ಗಾಡಿ ಎತ್ತುವ ಲಿಫ್ಟೂ ಸ್ಪ್ರಿಂಗ್ ಅದುಮಿ ಹಿಡಿಯುವ, ಗೋಡೆಗೆ ಬಿಗಿದ ಕಂಪ್ರೆಸರೂ ಇರುವ ವರ್ಕ್‌ಶಾಪಿನ ಲೆಕ್ಕ. ನಮ್ಮ ವ್ಯಾನಿನಲ್ಲಿದ್ದದ್ದು ಕೊಕ್ಕೆ ಕಂಪ್ರೆಸರಿನ ಒಂದು ಜೊತೆ, ಒಂದು ಟ್ರಾಲಿ ಜಾಕ್, ಎರಡು ಸ್ಟ್ಯಾಂಡ್. ಆ ಲೆಕ್ಕ ಹಾಕಿದವರು ಯಾರ ಮನೆಯ ಪೋರ್ಟಿಕೋದಲ್ಲೂ ಬೆನ್ನು ಕೊಟ್ಟು ಮಲಗಿದವರಲ್ಲ.

ಹಿಂದಿನ ಗಾಲಿಗಳಿಗೆ ಮರದ ಅಡೆ ಕೊಟ್ಟು, ಇಂಟರ್‌ಲಾಕ್ ಕಲ್ಲು ಕುಸಿಯದಂತೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಕಿ, ಗಾಡಿಯನ್ನು ಅಲುಗಾಡಿಸಿ ನೋಡಿದ ಮೇಲೆಯೇ ಗಾಲಿ ಬಿಚ್ಚಿದೆ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಅಷ್ಟರಲ್ಲಿ ಸೂಪರ್‌ವೈಸರ್ ಎರಡು ಸಲ ಫೋನ್ ಮಾಡಿದ್ದರು.

ಕೊಕ್ಕೆಗಳನ್ನು ಸ್ಪ್ರಿಂಗಿನ ಎದುರುಬದುರಿಗೆ ಕೂರಿಸಿ, ಒಂದೊಂದನ್ನೂ ಅರ್ಧರ್ಧ ಸುತ್ತಿನಂತೆ ಕೈಯಲ್ಲೇ ಬಿಗಿಯಬೇಕೆಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ನಟ್ಟನ್ನು ರಭಸದಿಂದ ತಿರುಗಿಸುವ ಇಂಪ್ಯಾಕ್ಟ್ ಗನ್ ಎತ್ತಿಕೊಂಡೆ. ಒಂದು ಕಡೆಯ ಕೊಕ್ಕೆಯ ರಾಡ್ ಇನ್ನೊಂದನ್ನು ಬಿಟ್ಟು ಸರಸರನೆ ಮುಂದೆ ಹೋಯಿತು. ನನ್ನ ಕಣ್ಣು ಗನ್ನಿನ ಮೇಲಿತ್ತು; ನೋಡಿದವನು ಜೊತೆಗಿದ್ದ ಹುಡುಗ. "ಅಣ್ಣಾ, ಸ್ಪ್ರಿಂಗ್ ಸೊಟ್ಟಾಗ್ತಿದೆ" ಎಂದ. ಬಾಳೆಕಾಯಿಯಂತೆ ಬಾಗಿದ್ದ ಆ ಸ್ಪ್ರಿಂಗಿನ ಮೇಲೆ ಕೊಕ್ಕೆಯೊಂದು ಜಾರಿ, ಇನ್ನೊಂದರ ಪಕ್ಕಕ್ಕೆ ಸರಿಯತೊಡಗಿತ್ತು. ಅದು ಜಾರಿದ ದಾರಿಯಲ್ಲಿ ಕಪ್ಪು ಬಣ್ಣ ಕೆರೆದು ಬೆಳ್ಳನೆಯ ಕಬ್ಬಿಣ ಗೆರೆಯಾಗಿ ಹೊಳೆಯುತ್ತಿತ್ತು. ಹುಡುಗ ನಿಂತಿದ್ದು ಸರಿಯಾಗಿ ಸ್ಟ್ರಟ್ಟಿನ ನೇರಕ್ಕೆ, ಅದುಮಿದ ಸ್ಪ್ರಿಂಗ್ ಬಿಟ್ಟುಕೊಂಡರೆ ಸಿಡಿಯುವ ದಿಕ್ಕಿಗೆ. ಅವನನ್ನು ಗೋಡೆಯ ಮರೆಗೆ ಕಳುಹಿಸಿ, ಕಾಫಿ ತಂದ ಮೇಷ್ಟರನ್ನೂ ಒಳಗೇ ಇರಲು ಬೇಡಿಕೊಂಡು, ಸ್ಟ್ರಟ್ಟಿನ ಎರಡು ತುದಿಗಳೂ ನನ್ನತ್ತ ಇರದಂತೆ ಬದಿಗೆ ಕುಳಿತು, ರಿಂಗ್ ಪಾನಾದಿಂದ ಕಾಲು ಸುತ್ತಿನಂತೆ ಸಡಿಲಿಸುತ್ತ ಹೋದೆ. ಪ್ರತಿ ಸಲವೂ ಸ್ಪ್ರಿಂಗ್ ಟಿಕ್ ಎನ್ನುತ್ತಿತ್ತು. ಇಪ್ಪತ್ತು ನಿಮಿಷ ಹಿಡಿದಿರಬೇಕು. ಎರಡನೆಯ ಸಲ ಕೈಯಲ್ಲೇ ಬಿಗಿದು, ಸ್ಪ್ರಿಂಗ್ ತನ್ನ ಸೀಟಿನಲ್ಲಿ ಸಡಿಲವಾಗಿ ತಿರುಗುವುದನ್ನು ನೋಡಿದ ಮೇಲೆಯೇ ನಡುವಿನ ನಟ್ಟಿಗೆ ಪಾನಾ ಹಾಕಿದೆ.

ಕಳೆದುಹೋದ ಹೊತ್ತನ್ನು ಲೋವರ್ ಆರ್ಮಿನಲ್ಲಿ ಹಿಂದಕ್ಕೆ ಪಡೆಯಲು ಹೋಗಿದ್ದೇ ತಪ್ಪಾಯಿತು. ಗಾಲಿ ನೇತಾಡುತ್ತಿರುವಾಗಲೇ ಆರ್ಮಿನ ಬುಷ್ಷಿನ (ಆರ್ಮ್ ತಿರುಗುವ ಕಡೆಯ ರಬ್ಬರ್ ತುಂಡಿನ) ಬೋಲ್ಟನ್ನು ಪೂರ್ತಿ ಬಿಗಿದೆ. ಗಾಡಿಯ ಭಾರ ನೆಲಕ್ಕೆ ಬಿದ್ದ ಮೇಲೆ ಬಿಗಿಯಬೇಕಾದ ಬೋಲ್ಟ್ ಅದು. ಇಲ್ಲವಾದರೆ ಗಾಡಿ ಇಳಿಸಿದೊಡನೆ ಆರ್ಮ್ ಮೇಲಕ್ಕೇರಿ, ಒಳಗಿನ ರಬ್ಬರ್ ನಿಂತಲ್ಲಿಯೂ ತಿರುಚಿಕೊಂಡೇ ಇರುತ್ತದೆ. ಗಾಲಿಗಳ ಅಲೈನ್‌ಮೆಂಟ್ ನೋಡಿದಾಗ ಇದು ಗೊತ್ತಾಗಲಿಲ್ಲ. ನಾಲ್ಕು ತಿಂಗಳಿಗೆ ಮೇಷ್ಟರ ಫೋನ್ ಬಂತು: "ಹಂಪ್ ಬಂದಾಗಲೆಲ್ಲ ಕಟಕಟ ಅನ್ನುತ್ತೆ ಕಣಪ್ಪಾ." ಎರಡೂ ಕಡೆಯ ರಬ್ಬರ್ ಹರಿದಿತ್ತು.

ಹೊಸ ಆರ್ಮ್ ಹಾಕಿ, ಮುಂದಿನ ಗಾಲಿಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿ, ಗಾಡಿಯ ಭಾರ ಗಾಲಿಯ ಮೇಲಿರುವಾಗಲೇ ಅಡಿಗೆ ಕೈ ಹಾಕಿ ಬೋಲ್ಟ್ ಬಿಗಿದೆ. ಮೂರು ಗಂಟೆ ಹಿಡಿಯಿತು. ಈ ಸಲ ಯಾರೂ ಫೋನ್ ಮಾಡಲಿಲ್ಲ. ವಾರಂಟಿ ಫಾರಮ್ಮಿನಲ್ಲಿ ಸೂಪರ್‌ವೈಸರ್ "ಬಿಡಿಭಾಗದ ದೋಷ" ಎಂದು ಬರೆದು ನನ್ನತ್ತ ತಳ್ಳಿದರು. ಬಿಡಿಭಾಗದಲ್ಲಿ ಯಾವ ದೋಷವೂ ಇರಲಿಲ್ಲ. ಅದರ ಕೆಳಗಿರುವ ಸಹಿ ನನ್ನದು.