ರಿಪೋರ್ಟ್ ಚೆನ್ನಾಗಿತ್ತು, ನಾನು ಚೆನ್ನಾಗಿರಲಿಲ್ಲ

ನನಗೆ ಎಚ್‌ಐವಿ ಇದೆ ಎಂದು ಗೊತ್ತಾಗಿ ಆಗ ಎರಡನೇ ವರ್ಷ. ರಕ್ತದಲ್ಲಿ ವೈರಸ್ ಪತ್ತೆಯೇ ಆಗುತ್ತಿಲ್ಲ ಎಂದು ಡಾಕ್ಟರ್ ಖುಷಿಯಿಂದ ಹೇಳಿದರು. ನಾನೂ ನಕ್ಕೆ. ಮಾತ್ರೆ ತಪ್ಪಿಸಿದ್ದೀರಾ ಎಂದು ಕೇಳಿದರು, ಇಲ್ಲ ಎಂದೆ. ನಾನು ಬದುಕಿರಬೇಕಾ ಎಂದು ವಾರದಿಂದ ತಲೆಯಲ್ಲಿ ಓಡುತ್ತಿದ್ದ ಯೋಚನೆಯನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಎಚ್‌ಐವಿ ಇರುವವರಲ್ಲಿ ಖಿನ್ನತೆಯೂ ತಮಗೆ ತಾವೇ ಹಾನಿ ಮಾಡಿಕೊಳ್ಳುವ ಅಪಾಯವೂ ಉಳಿದವರಿಗಿಂತ ಜಾಸ್ತಿ. ಸೋಂಕು ಗೊತ್ತಾದ ಮೊದಲ ತಿಂಗಳುಗಳಂತೂ ಬಹಳ ಕಷ್ಟ. ಆದರೆ ಅದು ಅಲ್ಲಿಗೇ ಮುಗಿಯುವುದಿಲ್ಲ. 1996ರ ಸುಮಾರಿಗೆ ಹಲವು ಔಷಧಗಳನ್ನು ಸೇರಿಸಿ ಕೊಡುವ ಚಿಕಿತ್ಸೆ ಬಂದ ಮೇಲೆ ಸಾವಿನ ಭಯ ಎಷ್ಟೋ ಕಡಿಮೆಯಾಯಿತು, ಆದರೆ ಯಾರಿಗೆ ಹೇಳಲಿ, ಹೇಳಿದ ಮೇಲೆ ಯಾರು ಜೊತೆಗಿರುತ್ತಾರೆ, ಮಾತ್ರೆ ಡಬ್ಬಿ ಎಲ್ಲಿ ಬಚ್ಚಿಡಲಿ ಎಂಬ ದಿನದಿನದ ಲೆಕ್ಕಾಚಾರ ಹಾಗೇ ಉಳಿಯಿತು. ವೈರಸ್ ಪತ್ತೆಯಾಗದ ಮಟ್ಟದಲ್ಲೇ ಇದ್ದರೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ. ಇದು ಸಾಬೀತಾದ ಮಾತು. ಅದು ಗೊತ್ತಿದ್ದೂ ನಾನು ಯಾರನ್ನಾದರೂ ಅಪ್ಪಿಕೊಳ್ಳಲು ಹಿಂಜರಿಯುತ್ತಿದ್ದೆ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಕೆಲವು ಸಲ ಮಾತ್ರೆಯೇ ಮನಸ್ಸನ್ನು ಕೆಡಿಸುತ್ತದೆ. ಎಫಾವಿರೆಂಜ್ ಎಂಬ ಎಚ್‌ಐವಿ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಭಯಾನಕ ಕನಸು, ಖಿನ್ನತೆ, ಸಾಯುವ ಯೋಚನೆ ಕೂಡ ಬರಬಹುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆಯ್ಕೆಯಾಗಿ ಹೇಳಿದ ಡೊಲುಟೆಗ್ರಾವಿರ್‌ನಿಂದಲೂ ಕೆಲವರಿಗೆ ನಿದ್ದೆ ಕೆಡುತ್ತದೆ. ಹಾಗಂತ ನೀವೇ ನಿಲ್ಲಿಸಬೇಡಿ. ನಿಲ್ಲಿಸಿದರೆ ವೈರಸ್ ಮತ್ತೆ ಏರುತ್ತದೆ. ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆಗಳಿವೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಬ್ಬ ಗೆಳತಿ. ಸುತ್ತಿ ಬಳಸಿ ಮಾತಾಡಲಿಲ್ಲ, "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಿದಳು. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ಜನ ಹೆದರುತ್ತಾರೆ ಅಲ್ವಾ, ಅದು ನಿಜವಲ್ಲ. ನನಗೆ ಉಸಿರು ಬಂದ ಹಾಗಾಯಿತು, ತುಂಬಾ ಹೊತ್ತು ಅತ್ತೆ. ಅವಳು ಉಪದೇಶ ಮಾಡಲಿಲ್ಲ. ಆ ರಾತ್ರಿ ನನ್ನ ಜೊತೆಗೇ ಇದ್ದಳು, ಬೆಳಿಗ್ಗೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು. ಕೌನ್ಸೆಲಿಂಗ್ ಶುರುವಾಯಿತು, ಜೊತೆಗೆ ಖಿನ್ನತೆಗೆ ಮಾತ್ರೆ. ಎಚ್‌ಐವಿ ಮಾತ್ರೆಗಳ ಜೊತೆ ಅದು ಹೊಂದುತ್ತದಾ ಎಂದು ನೋಡಿಯೇ ಕೊಟ್ಟರು. ವಾಸಿಯಾಗಲು ತಿಂಗಳುಗಳೇ ಬೇಕಾದವು.

ಇದನ್ನು ಓದುತ್ತಿರುವ ನಿಮಗೆ ಈಗಲೇ ಹಾಗೆ ಅನ್ನಿಸುತ್ತಿದ್ದರೆ, ದಯವಿಟ್ಟು ಒಬ್ಬರೇ ಇರಬೇಡಿ. ನಂಬುವ ಒಬ್ಬರಿಗೆ ಈಗಲೇ ಫೋನ್ ಮಾಡಿ, ಇಲ್ಲವೇ ಸಹಾಯವಾಣಿಗೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಎಚ್‌ಐವಿ ವಿಷಯ ಹೇಳಲು ಇಷ್ಟವಿಲ್ಲದಿದ್ದರೆ ಹೇಳಬೇಡಿ, "ನನಗೆ ಬದುಕಲು ಕಷ್ಟವಾಗ್ತಿದೆ" ಅಂದರೆ ಸಾಕು.

ಈಗ ನಾನು ಕ್ಲಿನಿಕ್‌ಗೆ ಹೋದಾಗ, ಡಾಕ್ಟರ್ ರಿಪೋರ್ಟ್ ತೆಗೆಯುವ ಮುಂಚೆಯೇ ಆ ತಿಂಗಳು ಹೇಗೆ ನಿದ್ದೆ ಮಾಡಿದೆ ಎಂದು ಹೇಳಿಬಿಡುತ್ತೇನೆ.